ನಾಶಪಡಿಸತಕ್ಕ ಕಡತಗಳ ಪಟ್ಟಿ

ಯಾದಗಿರಿಯ ಏಪ್ರಿಲ್. ಹನ್ನೊಂದಕ್ಕೇ ಕೋಟೆಗುಡ್ಡ
ಕಾದ ಹಂಚು.
ಕಚೇರಿಯ ಹಿಂದಿನ ಕೋಣೆಯಲ್ಲಿ
ನಾನು, ಮೌಲಾಸಾಬ, ಒಂದು ಟೇಬಲ್ ಫ್ಯಾನು,
ಮತ್ತೆ ಕೆಂಪು ಬಸ್ತಾಗಳಲ್ಲಿ ಗಂಟು ಬಿದ್ದ
ಊರಿನ ಎಪ್ಪತ್ತು ವರ್ಷ.

ಮೇಲಿನಿಂದ ಆದೇಶ: ಸ್ಕ್ಯಾನ್ ಆದದ್ದು ಸಾಕು, ಜಾಗ ಖಾಲಿ ಮಾಡಿ.
ಎ ವರ್ಗ ಎಂದೆಂದಿಗೂ. ಬಿ ಮೂವತ್ತು ವರ್ಷ.
ಸಿ ಹತ್ತು. ಡಿ ಐದು.
ಇ ಅಂದರೆ, ಒಂದು ಯುಗಾದಿ ದಾಟಿದರೆ ಸಾಕು, ಒಲೆಗೆ.
ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ
ನನಗೆ ಬಾಯಿಪಾಠವಾದ ಒಂದೇ ಮಂತ್ರ.

ಸೆರಗು ಮೂಗಿಗೆ ಕಟ್ಟಿಕೊಂಡು ಬಿಚ್ಚುತ್ತೇನೆ.
ಉರ್ದು ಮಿಸಲುಗಳನ್ನು ಮೌಲಾಸಾಬ ಓದುತ್ತಾನೆ,
ಬೆರಳಿಟ್ಟು, ಮದುವೆ ಕಾರ್ಡು ಓದುವ ಹಾಗೆ.
ಬೆಳ್ಳಿಹುಳಗಳು ಓಡುತ್ತವೆ, ಸಾಲು ತಪ್ಪಿದ ಅಕ್ಷರ.

ಸೊಂಟದಲ್ಲಿ ಫೋನು ಗುರ್ ಎನ್ನುತ್ತದೆ. ಮತ್ತೆ ಗುರ್.
ಗುಲಾಬಿ ಹೂವಿನ ಶುಭೋದಯ ಹದಿನಾಲ್ಕು,
ಸಕ್ಕರೆ ಕಾಯಿಲೆಗೆ ಬೆಂಡೆಕಾಯಿ ನೀರು,
ಯಾವುದೋ ದೇಶದಲ್ಲಿ ಕುಸಿದ ಸೇತುವೆ, ಮೂರು ಕೋನದಿಂದ,
ಕಳೆದುಹೋದ ಮಗು. ಅದು ಸಿಕ್ಕಿ ಈಗ ಕಾಲೇಜು ಮುಗಿಸಿರಬೇಕು,
ಇನ್ನೂ ಕಳೆದುಹೋಗುತ್ತಲೇ ಇದೆ ಗುಂಪಿನಿಂದ ಗುಂಪಿಗೆ.
ಮೆಮೊರಿ ತುಂಬಿದೆ, ಅನ್ನುತ್ತದೆ ಫೋನು.
ಅದಕ್ಕೆ ಹೇಳಲಾದರೂ ಬರುತ್ತದೆ.

ನನಗೆ? ರಾತ್ರಿ ಎರಡಕ್ಕೆ ಕಣ್ಣು ಬಿಟ್ಟು ಮಲಗಿ
ಸೇತುವೆ ಎಣಿಸುತ್ತೇನೆ, ಬೆಂಡೆಕಾಯಿ ಎಣಿಸುತ್ತೇನೆ,
ನಡುವೆ ನೆಗೆಣ್ಣಿ ಸುಗಲಾಬಾಯಿ, ನನ್ನ ಮಗನ ಜವಳದ ದಿನ
ಹತ್ತು ಮಂದಿಯೆದುರು ಅಂದ ಮಾತು:
"ಪಾಟ್ಲಿ ನಿನ್ನವಾ? ಅತ್ತಿ ಟ್ರಂಕಿನ್ಯಾಗ ನೋಡ್ದಂಗ ಅದಾವಲ್ಲ."
ಹನ್ನೆರಡು ವರ್ಷ. ಪುಟಸಂಖ್ಯೆ ಹಾಕಿ
ಅಡಕ ಸೇರಿಸುತ್ತ ಬಂದಿದ್ದೇನೆ:
ಆವತ್ತು ಹೀಗೆ ಹೇಳಬೇಕಿತ್ತು (ಅಡಕ ಒಂದು),
ಹೀಗಲ್ಲ, ಹೀಗೆ (ಅಡಕ ನಲವತ್ತು).

ಮೂರನೆಯ ದಿನ ಸಿಕ್ಕಿತು ಒಂದು ದಪ್ಪ ಕಡತ.
ಗುಡ್ಡದಾಚೆಯ ಹಳ್ಳಿ, ಬಾವಿ ತಂಟೆ.
ಇಬ್ಬರು ದಾಯಾದಿಗಳು, ಒಂದು ರಾಟೆ, ನೂರಾ ಹನ್ನೆರಡು ಪುಟ.
ಪಂಚನಾಮೆ, ಹೆಬ್ಬೆಟ್ಟು, ಮತ್ತೆ ಪಂಚನಾಮೆ.
ಕೊನೆಯ ಹಾಳೆಯಲ್ಲಿ ಯಾರೋ ಗುಮಾಸ್ತನ ಬಾಗಿದ ಅಕ್ಷರ:
"ಅರ್ಜಿದಾರ ಮೃತ. ಪ್ರತಿವಾದಿ ಮೃತ.
ಸ್ಥಳ ತನಿಖೆ ಮಾಡಲಾಗಿ, ಬಾವಿಯೂ ಇಲ್ಲ.
ಕಡತ ಮುಕ್ತಾಯ."

ನಕ್ಕೆ. ಧೂಳು ಗಂಟಲಿಗಿಳಿದು ಕೆಮ್ಮಿದೆ.
ಮೌಲಾಸಾಬ ನೀರು ಕೊಟ್ಟ.
"ಯಾವ ವರ್ಗರೀ ಮೇಡಮ್?"
ಡಿ, ಅಂದೆ. ಬಹಳ ಹೊತ್ತು ಬಿಟ್ಟು ಅಂದೆ.

ಆ ರ‍್ಯಾಕು ಎಳೆದಾಗ ಹಿಂದೆ
ಒಂದು ಕಿಟಕಿ.
ಗೋಡೆಯ ಜೊತೆಗೇ ಸುಣ್ಣ ಬಳಿಸಿಕೊಂಡು
ಗೋಡೆಯೇ ಆಗಿಬಿಟ್ಟಿದ್ದ ಕಿಟಕಿ.
ಸುತ್ತಿಗೆ, ಸೀಮೆಎಣ್ಣೆ, ಅವನ ಅಲ್ಲಾ, ನನ್ನ ಎರಡು ಬೈಗುಳ.
ತೆರೆಯಿತು.
ಗಾಳಿ ಬಿಸಿಯೇ. ಆದರೆ ಗಾಳಿ.
ಬಂದದ್ದೇ ಇಡೀ ಇ ವರ್ಗವನ್ನೆತ್ತಿ
ಎ ವರ್ಗದ ಮೇಲೆ ಸುರಿಯಿತು, ಮೂರು ದಿನದ ಕೆಲಸ.
ಹಾಳೆಗಳ ಹಿಂದೆ ಮೌಲಾಸಾಬ ಓಡಿದ,
ಕೋಳಿ ಹಿಡಿಯುವವನ ಹಾಗೆ.

ಹೊರಗೆ ಕೈಯಳತೆಯಲ್ಲೇ ಒಂದು ಮಾಳಿಗೆ,
ತೊಗರಿ ಕೇರುತ್ತ ಒಬ್ಬ ಹುಡುಗಿ. ಅವಳ ಮರ ಅಲ್ಲೇ ನಿಂತಿತು.
"ಅಯ್ಯ, ಇಲ್ಲೊಂದು ಕಿಟಕಿ ಇತ್ತೇನ್ರೀ?
ಯಾವಾಗಿಂದ ಅದೀರಿ ಅಲ್ಲಿ?"

ಇಪ್ಪತ್ತೆರಡು ವರ್ಷ ಎನ್ನಲು ಬಾಯಿ ತೆರೆದೆ.
ಸೊಂಟದಲ್ಲಿ ಗುರ್.
ನೋಡಲಿಲ್ಲ ಎಂದರೆ ಸುಳ್ಳಾದೀತು; ನೋಡಿದೆ.
ಮಧ್ಯಾಹ್ನ ಮೂರು ಗಂಟೆಗೆ
ಸುಗಲಾಬಾಯಿಯ ಶುಭೋದಯ. ಒಂದು ಗುಲಾಬಿ,
ಎಸಳ ಮೇಲೆ ಯಾರೋ ಬರೆದ ಇಬ್ಬನಿ.

ಯಾವ ವರ್ಗವೋ.
ಹುಡುಗಿ ಮತ್ತೆ ಕೇರತೊಡಗಿದ್ದಳು.
ಹೊಟ್ಟು ಹಾರಿ ಹಾರಿ
ಆಗಷ್ಟೇ ಒರೆಸಿದ ನಮ್ಮ ಖಾಲಿ ಹಲಗೆಗಳ ಮೇಲೆ
ಕೂರುತ್ತಿತ್ತು.