ಮೂರೂವರೆ ಪೌಂಡಿನ ರಸೀದಿ

ಬೆಳಿಗ್ಗೆ ಒಂಬತ್ತೂ ಕಾಲಿಗೆ ಪೆಟ್ಟಿಗೆ ತೆರೆದು
ಥಾರ್ನ್‌ಶಾ ಪಟ್ಟಣದ ಚಿನ್ನದ ಸರಪಳಿಯನ್ನು
ಡೋರೀನ್ ಕರ್ಶಾ ಅವರ ಕೊರಳಿಗೆ ಹಾಕುತ್ತೇನೆ.
ಹನ್ನೊಂದು ವರ್ಷದಿಂದ ಇದೇ ನನ್ನ ಕೆಲಸ.
ವರ್ಷಕ್ಕೊಂದು ಕೊರಳು,
ತೂಕ ಮಾತ್ರ ಅಷ್ಟೇ.
ಬಿಲ್ಲೆಗೊಬ್ಬ ಗಿರಣಿ ಧಣಿಯ ಹೆಸರು;
ಗಿರಣಿಗಳಲ್ಲಿ ಒಂದು ಈಗ ಫ್ಲ್ಯಾಟು, ಒಂದು ಕಾರ್ಪೆಟ್ ಗೋದಾಮು,
ಒಂದು ಬರೀ ಚಿಮಣಿ.

ಹತ್ತಕ್ಕೆ ಹೊಸ ಬಸ್ ತಂಗುದಾಣ.
ರಿಬ್ಬನ್ನು ಗಾಳಿಗೆ ಸುತ್ತಿಕೊಂಡು ಕತ್ತರಿಗೆ ಸಿಗದೆ ಆಡಿಸಿತು.
ಕೊನೆಗೂ ಕತ್ತರಿಸಿ ಎಲ್ಲರೂ ಚಪ್ಪಾಳೆ ತಟ್ಟಿದ ಮೇಲೆ
ನಾಯಿ ಹಿಡಿದ ಮುದುಕನೊಬ್ಬ ಕೇಳಿದ:
ಇಲ್ಲಿಗೆ ಯಾವ ಬಸ್ಸು ಬರುತ್ತೆ?
ಹದಿನೇಳನ್ನು ಮಾರ್ಚಿನಲ್ಲೇ ನಿಲ್ಲಿಸಿದ್ದರು.
ಅಧಿಕಾರಿ ತನ್ನ ಬೂಟು ನೋಡಿಕೊಂಡ.

ಹನ್ನೊಂದಕ್ಕೆ ಕಾಲುಸೇತುವೆ.
ತಲೆಗೆ ಹಳದಿ ಹೆಲ್ಮೆಟ್ಟು, ಮಿಂಚುವ ಜಾಕೆಟ್ಟಿನ ಮೇಲೆ ಸರಪಳಿ.
ಆಗಸ್ಟಿಗೆ ಮುಗಿಯುತ್ತೆ ಅಂದ ಎಂಜಿನಿಯರು.
ಯಾವ ಆಗಸ್ಟು? ಅಂದರು ಡೋರೀನ್.
ಅವನು ನಕ್ಕ.
ಅವರು ನಗಲಿಲ್ಲ.

ಸೇತುವೆಯ ಆಚೆ ದಡಕ್ಕೆ ಬಾಬಿನ್ ಸ್ಟ್ರೀಟು.
ಮೊದಲು ಮೂರು ನಿಮಿಷದ ನಡಿಗೆ, ಈಗ ಸುತ್ತಿ ಬಳಸಿ ಅರ್ಧ ಗಂಟೆ.
ಪೈ ಅಂಗಡಿಯ ಗ್ಲೆನಿಸ್: ದಿನಕ್ಕೆ ನೂರಾ ನಲವತ್ತು ಹೋಗ್ತಿತ್ತು,
ಈಗ ಅರವತ್ತು. ಉಳಿದದ್ದನ್ನು ನನ್ನ ಗಂಡ ತಿಂತಾನೆ,
ಬೇಕಾದ್ರೆ ಅವನನ್ನೇ ನೋಡಿ.
ಕ್ಷೌರಿಕ ರೆಬ್ವಾರ್ ಖಾಲಿ ಕುರ್ಚಿಯಲ್ಲಿ ತಾನೇ ಕೂತು
ತನ್ನ ಮೀಸೆಯನ್ನೇ ಮೂರನೇ ಸಲ ತಿದ್ದುತ್ತಿದ್ದ.
ಎಲ್ಲರದ್ದೂ ಒಂದೇ ಪ್ರಶ್ನೆ: ಯಾವಾಗ?

ಅವರಿಗೆ ಹೇಗೆ ಹೇಳುವುದು,
ನಮ್ಮೂರ ಮೇಯರ್ ಬರೀ ಉತ್ಸವಮೂರ್ತಿ,
ಹೊತ್ತಲ್ಲಿಗೆ ಹೋಗಬೇಕು, ಹಾಕಿದ ಹಾರಕ್ಕೆ ತಲೆಬಾಗಬೇಕು;
ಮೂಲದೇವರು ಮೂರನೇ ಮಹಡಿಯ ಲೆಕ್ಕಪತ್ರ ವಿಭಾಗದಲ್ಲಿ
ಬಾಗಿಲು ಹಾಕಿಕೊಂಡು ಕೂತಿದೆ ಅಂತ?

ಫೋಟೊದವನು ಹೊರಟುಹೋದ ಮೇಲೆ
ಬೊಹ್ದಾನ್ ಹ್ನಾಟಿವ್‌ನ ಚಪ್ಪಲಿ ರಿಪೇರಿ ಅಂಗಡಿ.
ಕಪಾಟಿನ ತುಂಬ ಜೋಡುಗಳು, ಹೊಸ ಅಟ್ಟೆ, ಹೊಸ ಹೊಲಿಗೆ,
ಒಂದೊಂದಕ್ಕೂ ದಾರದಲ್ಲಿ ಕಟ್ಟಿದ ಚೀಟಿ.
ಇಪ್ಪತ್ತಾರು ಜೊತೆ. ಎಲ್ಲ ಆ ದಡದವರದ್ದು.
ಬಿಟ್ಟುಹೋದರು, ಸೇತುವೆ ಮುಚ್ಚಿತು, ಅಷ್ಟೇ.
ನೋಡಲು ಬಗ್ಗಿದರು ಡೋರೀನ್. ಟಪ್ ಅಂತ
ಸರಪಳಿಯ ಕೊಂಡಿ ಕಿತ್ತು ನೆಲಕ್ಕೆ ಬಿತ್ತು.
ನನ್ನ ಎದೆಯೇ ನಿಂತಿತು. ಬೊಹ್ದಾನ್ ಕನ್ನಡಕ ಏರಿಸಿ
ಬ್ಯಾಗಿನ ಕೊಂಡಿಯೊಂದನ್ನು ಹುಡುಕಿ ತೆಗೆದು
ಇಕ್ಕಳದಲ್ಲಿ ಎರಡು ಸಲ ಒತ್ತಿ ಕೈಗಿಟ್ಟ:
ಮೂರೂವರೆ ಪೌಂಡು. ಮೇಯರಾದರೂ ಸಾಲ ಇಲ್ಲ.

ಆಗ ಅವರು ಅಂದದ್ದು:
ಆ ಜೋಡುಗಳನ್ನು ಕಾರಿಗೆ ಹಾಕಿ.

ಬಾವುಟದ ಕರಿ ಕಾರು ಮಧ್ಯಾಹ್ನವಿಡೀ
ಪಾಲಿಶ್ ವಾಸನೆ ಹೊತ್ತು ಮನೆಮನೆ ತಿರುಗಿತು.
ಚೀಟಿ ಓದುವುದು ನಾನು, ಬಾಗಿಲು ತಟ್ಟುವುದು ಅವರು.
ಒಬ್ಬಾಕೆ ತೆರಿಗೆಯವರೆಂದು ತಿಳಿದು ಬಾಗಿಲೇ ತೆರೆಯಲಿಲ್ಲ.
ಒಬ್ಬನ ಜೋಡನ್ನು ಅವನ ತಂಗಿ ತೆಗೆದುಕೊಂಡಳು,
ಅವನು ಈಗಿಲ್ಲ ಎಂದಷ್ಟೇ ಹೇಳಿ.
ಕೊನೆಯದು ಕೆಂಪು ನೃತ್ಯದ ಬೂಟು, ಅಂಗೈಯಷ್ಟು.
ಹುಡುಗಿ ಮೆಟ್ಟಿಲ ಮೇಲೇ ಕೂತು ತೂರಿಸಿ ನೋಡಿದಳು.
ಹಿಮ್ಮಡಿ ಹೊರಗೇ ಉಳಿಯಿತು.
ಕೊಟ್ಟಾಗ ಅವಳಿಗೆ ಆರು ವರ್ಷ, ಅಂದಳು ತಾಯಿ,
ದೂರಿನ ದನಿಯಲ್ಲೇನಲ್ಲ.
ಡೋರೀನ್ ಆ ಪುಟ್ಟ ಪಾದವನ್ನು
ಎಂಜಿನಿಯರನ ನಕ್ಷೆಗಿಂತ ಹೆಚ್ಚು ಹೊತ್ತು ನೋಡಿದರು.

ಸಂಜೆ ಸರಪಳಿ ಪೆಟ್ಟಿಗೆಗೆ.
ಧಣಿಗಳ ಹೆಸರುಗಳ ನಡುವೆ
ಒಂದೇ ಒಂದು ಬಿಳಿ ಕೊಂಡಿ.

ರಸೀದಿಯನ್ನು ಮೂರನೇ ಮಹಡಿಗೆ ಕಳಿಸಿದೆ.
ವಾರದ ಮೇಲೆ ವಾಪಸ್ಸು ಬಂತು, ಹಸಿರು ಶಾಯಿಯಲ್ಲಿ:
ಯಾವ ಬಾಬ್ತು?
ಸೇತುವೆ, ಎಂದು ಬರೆದು ಮತ್ತೆ ಕಳಿಸಿದ್ದೇನೆ.
ಇನ್ನೂ ಉತ್ತರ ಬಂದಿಲ್ಲ.