ಆಟಕ್ಕುಂಟು

ನಾನು ಖಜಾಂಚಿ. ನನ್ನ ಹತ್ತಿರ ಎಲ್ಲ ಬರೆದಿಟ್ಟಿದೆ.
ಫೆಬ್ರವರಿ ಒಂಬತ್ತು: ಪೆನ್ನು ಎರಡು ಡಜನ್, ಕ್ಲಿಪ್ಪಿನ ಹಲಗೆ ಆರು.
ಮೇಯ್ನ್ ರಾಜ್ಯದ ಉತ್ತರ ತುದಿ; ಉಗುಳಿದರೆ
ನೆಲ ಮುಟ್ಟುವಷ್ಟರಲ್ಲಿ ಗಾಜು.
ಪೆನ್ನಿನೊಳಗೆ ಶಾಯಿ ಕಲ್ಲಾಗಿತ್ತು.
ಕ್ಲಾರಿಸ್ ಒಂದೊಂದನ್ನೇ ಕಂಕುಳಲ್ಲಿಟ್ಟು ಕಾವು ಕೊಟ್ಟು
ದಿನಸಿ ಅಂಗಡಿಯ ಬಾಗಿಲಲ್ಲಿ ತಳ್ಳುಗಾಡಿಗಳನ್ನು ತಡೆದು
ಸಹಿ ಕೇಳಿದಳು, ಮೊಟ್ಟೆ ಮಾರುವವಳ ಹಾಗೆ.

ಬೇಕಿದ್ದದ್ದು ನಾಲ್ಕು ಸಾವಿರ.
ತಂದದ್ದು ನಾಲ್ಕು ಸಾವಿರದ ಆರುನೂರ ಹನ್ನೊಂದು.
ರಾಜಧಾನಿಯಲ್ಲಿ ಕನ್ನಡಕದವರು ಕೂತು ಹೊಡೆದುಹಾಕಿದ್ದು ಐನೂರ ಎಂಬತ್ಮೂರು:
ಸತ್ತವರು, ಊರು ಬಿಟ್ಟವರು,
ಮರ ಕಡಿದು ಕಡಿದು ಕೈ ನಡುಗುವವರು.
ಮೇಲುಳಿದದ್ದು ಇಪ್ಪತ್ತೆಂಟು.
"ಅರ್ಧ ಬಸ್ಸು," ಅಂದಳು. "ಸಾಕು. ಹೊರಡೋಣ."

ಇಪ್ಪತ್ತಾರು ವರ್ಷ ಶಾಲೆಯ ಹಳದಿ ಬಸ್ಸು ಓಡಿಸಿದವಳು,
ನನ್ನ ತೀರಿಹೋದ ತಮ್ಮನ ಹೆಂಡತಿ.
ಆಸ್ಪತ್ರೆಯವರು ಹೆರಿಗೆ ವಾರ್ಡಿಗೆ ಬೀಗ ಜಡಿದ ವರ್ಷ
ಅರವತ್ತೆರಡು ಮೈಲಿ ಆಚೆಯ ಮಂಚ ಸೇರುವ ಮೊದಲೇ
ಆಲೂಗಡ್ಡೆ ಗೋದಾಮಿನ ತಿರುವಿನಲ್ಲಿ, ಪಿಕಪ್ಪಿನ ಹಿಂದುಗಡೆ,
ಅವಳ ಬಸ್ಸಿನಲ್ಲೇ ಬೆಳೆದ ಹುಡುಗಿಯೊಬ್ಬಳು ಹೆತ್ತಳು.
ಕೂಸು ಉಳಿಯಿತು. ಕ್ಲಾರಿಸ್ ಆ ರಾತ್ರಿಯೇ
ಎರಡೂ ಪಕ್ಷಗಳಿಗೆ ಕಾಗದ ಬರೆದಳು.
ಎರಡೂ ಕಡೆಯಿಂದ ಬಂದ ಉತ್ತರ ಒಂದೇ ಅಚ್ಚಿನದು,
ಧನ್ಯವಾದದ ಜಾಗ ಕೂಡ.

ನೀನು ಗವರ್ನರ್ ಆಗ್ತೀಯಾ, ಅಂತ ನಕ್ಕೆ.
"ಯಾರಾದರೂ ಆಗಲೇಬೇಕಲ್ಲ," ಅಂದಳು.

ಚರ್ಚೆಗೆ ಎರಡೇ ಪೀಠ ಹಾಕಿದ್ದರು.
ಟಿವಿ ಕಟ್ಟಡದ ಪಾರ್ಕಿಂಗಿನಲ್ಲಿ ಕಾರಿನ ರೇಡಿಯೋ ಹಚ್ಚಿ
ಪ್ರಶ್ನೆ ಬಂದಾಗ ಜೋರು ಮಾಡಿ, ಅವರ ಉತ್ತರ ಬಂದಾಗ ತಗ್ಗಿಸಿ,
ತೊಂಬತ್ತೇ ಸೆಕೆಂಡು, ನನ್ನ ಗಡಿಯಾರದ ಲೆಕ್ಕದಲ್ಲಿ,
ಉತ್ತರ ಕೊಟ್ಟಳು ಏಳು ಜನಕ್ಕೆ, ಒಂದು ನಾಯಿಗೆ.
ತೆರಿಗೆಯ ಪ್ರಶ್ನೆಗೆ "ಗೊತ್ತಿಲ್ಲ, ಕೇಳಿ ಹೇಳ್ತೀನಿ" ಅಂದಳು.
ನಾಯಿ ಮಾತ್ರ ಎದ್ದು ಹೋಯಿತು.

ಜಮಾ: ಹನ್ನೊಂದು ಡಾಲರು, ಹೆಸರಿಲ್ಲದ ಲಕೋಟೆ,
ಒಳಗೊಂದು ಚೀಟಿ: ಓಟು ನಿನಗಿಲ್ಲ, ಇದು ಪೆಟ್ರೋಲಿಗೆ.

ಆಟಕ್ಕುಂಟು, ಲೆಕ್ಕಕ್ಕಿಲ್ಲ. ನವೆಂಬರಿನವರೆಗೆ ಹಾಗೇ ಸಾಗಿತು;
ಟೆರಿಯೋ ಎಂಬ ನಮ್ಮ ಮನೆತನವನ್ನು
ಪತ್ರಿಕೆಗಳು ಮೂರು ಥರ ಬರೆದವು, ಮೂರೂ ತಪ್ಪು.
ಗೆದ್ದವನಿಗೂ ಸೋತವಳಿಗೂ ನಡುವೆ ಆರು ಸಾವಿರದ ಇನ್ನೂರ ನಾಲ್ಕು.
ಕ್ಲಾರಿಸ್‌ಗೆ ಬಿದ್ದದ್ದು ಒಂಬತ್ತು ಸಾವಿರದ ಮುನ್ನೂರ ಹದಿನೇಳು.
ಬೆಳಗಾಗುವಷ್ಟರಲ್ಲಿ ಲೆಕ್ಕಕ್ಕೆ ಬಂದಳು.
ಫೋನು ನಿಲ್ಲಲಿಲ್ಲ: ಹಾಳು ಮಾಡಿದೆ, ಕದ್ದೆ, ನಿನ್ನಿಂದಲೇ.
ಒಬ್ಬೊಬ್ಬರನ್ನೂ "ನಿಮ್ಮ ಹೆಸರೇನಂದಿರಿ?" ಅಂತ ಕೇಳಿ
ಬರೆದುಕೊಂಡಳು, ಕಾವು ಬೇಡದ ಪೆನ್ನಿನಲ್ಲಿ.

ನಮ್ಮೂರ ಪೆಟ್ಟಿಗೆಯಲ್ಲಿ ನಲವತ್ತೊಂದು.
ಹತ್ತಿ ಇಳಿಯುವ ಮಕ್ಕಳನ್ನು ಎಣಿಸುವ ಹಾಗೆ ಬೆರಳು ಮಡಿಸುತ್ತ
ಮನೆಮನೆಯ ಹೆಸರು ಹಿಡಿದು ಎಣಿಸಿದಳು. ನಲವತ್ತೆರಡು ಬಂತು.
ಮತ್ತೆ ಎಣಿಸಿದಳು.
ನಾನು ರಸೀದಿಗಳನ್ನು ತಾರೀಕಿನ ಪ್ರಕಾರ ಜೋಡಿಸುತ್ತಿದ್ದೆ.
ಆ ಮಂಗಳವಾರ ಮರೆಯಲ್ಲಿ ನಿಂತಾಗ
ಗೆಲ್ಲಬಹುದಾದವನ ಭಯ ಹಿಡಿದು, ಅವನನ್ನು ತಡೆಯಬಲ್ಲವಳ
ಹೆಸರಿನ ಮುಂದಿನ ಸೊನ್ನೆ ತುಂಬಿ ಬಂದಿದ್ದೆ.
ತಡೆಯಲೂ ಇಲ್ಲ.
ಅದನ್ನು ಯಾವ ಕಾಲಮ್ಮಿನಲ್ಲೂ ಬರೆದಿಲ್ಲ.

ಮೊದಲ ಹಿಮ ಬಿದ್ದ ಮಾರನೆಗೆ ಬೋರ್ಡು ಕೀಳಲು ಹೋದೆವು.
ಮುನ್ನೂರರಲ್ಲಿ ಇನ್ನೂರ ಹತ್ತು ಸಿಕ್ಕವು.
ಮಿಶೋ ಮನೆಯ ಕೋಳಿಗೂಡಿಗೆ ಅವಳ ಹೆಸರೇ ಗೋಡೆ.
"ಇರಲಿ, ಗಾಳಿ ತಡೆಯುತ್ತೆ," ಅಂದಳು.

ವಾಪಸು ಬರುವಾಗ ಆ ಹಳಿ,
ಹನ್ನೆರಡು ವರ್ಷದಿಂದ ರೈಲು ಕಂಡಿಲ್ಲ, ನಡುವೆ ಹುಲ್ಲು ಎದ್ದಿದೆ.
ಕಾರು ನಿಲ್ಲಿಸಿದಳು, ಬಸ್ಸಿನವರ ಅಭ್ಯಾಸ.
ರೇಡಿಯೋ ಆರಿಸಿ, ಕಿಟಕಿ ಪೂರ್ತಿ ಇಳಿಸಿ
ಎಡಕ್ಕೆ ನೋಡಿ ಬಲಕ್ಕೆ ನೋಡಿ ಕಿವಿಗೊಟ್ಟಳು.
ಚಳಿ ಒಳಗೆ ಬಂತು.
"ಮಾತಾಡಬೇಡ," ಅಂದಳು,
ನಾನು ಬಾಯಿ ತೆರೆಯುವ ಮೊದಲೇ.