ಮುಯ್ಯಿಯ ಗೋಡೆ

ಅತ್ತೆ ಕೇತಮ್ಮನಿಗೆ ಅಕ್ಷರ ಬರುತ್ತಿರಲಿಲ್ಲ.
ಕಂಟೋನ್ಮೆಂಟ್ ಸ್ಟೇಷನ್ನಿನ ಈಚೆ, ಬಂಬೂ ಬಜಾರಿನ ಬೆನ್ನಿಗೆ,
ಹತ್ತಡಿ ಅಗಲದ ನಮ್ಮ ಮನೆಯ ಸುಣ್ಣದ ಗೋಡೆಯೇ
ಅವಳ ಖಾತೆ ಪುಸ್ತಕ. ಲೇಖನಿ, ಒಲೆಯಲ್ಲಿ ಆರಿದ ಇದ್ದಿಲು.

ಒಂದು ಮೊರಕ್ಕೆ ಒಂದು ಗೀಟು.
ಪುರಿಬಟ್ಟಿಯ ಪ್ಯಾರೇಜಾನ್ ಸಾಬರಿಗೆ ಕಿಟಕಿಯ ಎಡಕ್ಕೆ ಜಾಗ,
ಸೊಪ್ಪಿನ ಮುನಿಯಕ್ಕಯ್ಯಮ್ಮನಿಗೆ ದೀಪದ ಗೂಡಿನ ಕೆಳಗೆ.
ಯಾರದು ಯಾವುದೆಂದು ನಾನು ತಪ್ಪಿದರೆ
"ನಿಂಗೆ ಎಸ್ಸೆಸ್ಸೆಲ್ಸಿ ಯಾರು ಕೊಟ್ರೇ?" ಅನ್ನುವಳು.

ಮದುವೆಯ ಹೊಸತರಲ್ಲಿ ಗಳ ಸೀಳಲು ಕೂರಿಸಿದಳು.
ಗೆಣ್ಣಿಗೆ ಬಂದು ಕತ್ತಿ ನಿಂತಿತು. ನಾನು ಗುದ್ದಿದೆ.
ಹೆಬ್ಬೆರಳು ಬಾಯಿ ಬಿಟ್ಟಿತು.
ಅರಿಸಿನ ಒತ್ತುತ್ತ ಅಂದದ್ದಿಷ್ಟೇ:
"ಗೆಣ್ಣು ಬಂದಾಗ ಬಿದಿರು ಏನೋ ಹೇಳ್ತದೆ,
ಆಗ ಕೈ ಸುಮ್ಕಿರಬೇಕು."

ಬೆಳಗಿನ ಜಾವ ಮಾಲೂರಿನ ರೈಲು ಇಳಿದರೆ
ನಮ್ಮ ಮಂಕರಿಯೇ ನಡೆದು ಬಂದಂತೆ ಮುನಿಯಕ್ಕಯ್ಯಮ್ಮ:
ತಲೆಯ ಮೇಲೆ ದಂಟು, ಚಕ್ಕೋತ, ಇನ್ನೂ ಕೆರೆಯ ತಣ್ಣಗಿರುವ ಸಬ್ಬಸಿಗೆ.
ಎರಡು ಕಟ್ಟು ನಮ್ಮ ಹೊಸ್ತಿಲಿಗೆ, ಮಾತಿಲ್ಲ, ಚೌಕಾಸಿಯಿಲ್ಲ.
ಸಂಜೆ ನಾವು ಎರೆದ ಚಕ್ಕೆ, ಸಿಬಿರು, ಮುರುಕು ದಬ್ಬೆ
ಗೋಣಿ ತುಂಬಿ ಸಾಬರ ಬಟ್ಟಿಗೆ.
ಅಲ್ಲಿ ಕಾದ ಮರಳಲ್ಲಿ ಉಪ್ಪುಂಡ ಅಕ್ಕಿ
ಒಮ್ಮೆಲೇ ನಕ್ಕಂತೆ ಅರಳಿ
ನಮ್ಮದೇ ಮೊರದಲ್ಲಿ ಹೊಟ್ಟು ಕಳೆದುಕೊಳ್ಳುತ್ತಿತ್ತು.
ಮಕ್ಕಳ ಲಂಗದ ಮಡಿಲಿಗೆ ಬಿಸಿ ಪುರಿ. ಅದಕ್ಕೆ ಗೀಟಿಲ್ಲ.

ಒಮ್ಮೆ ಇಂದಿರಾನಗರದಿಂದ ಕಾರು ಬಂತು.
ನೂರು ಬುಟ್ಟಿ ಬೇಕಂತೆ, ಹೋಟೆಲಿಗೆ,
ಬೋರಲು ಹಾಕಿ ತೂಗುಹಾಕುತ್ತಾರಂತೆ.
"ಒಳಗೇನು ತುಂಬ್ತೀರ?"
"ಬಲ್ಬು, ಅಜ್ಜಿ. ಬೆಳಕು."
ಮುಂಗಡ ಎಣಿಸಿ ಸೊಂಟಕ್ಕೆ ಸಿಕ್ಕಿಸಿ ಒಳಗೆ ಬಂದವಳು
ನನ್ನ ಕಿವಿಯಲ್ಲಿ: "ಸಡಿಲ ಹೆಣಿ. ಬೆಳಕಿಗೇನು ಭಾರ?"
ಆ ಹಣದಲ್ಲಿ ಮಗಳ ಶಾಲೆಯ ಫೀಸು ಆಯಿತು.
ಕಾರಿನವರಿಗೆ ಗೋಡೆಯಲ್ಲಿ ಜಾಗ ಆಗಲಿಲ್ಲ.
ಕೊಟ್ಟು ಮುಗಿಸಿದವರಿಗೆ ಗೀಟು ಯಾಕೆ?

ಗೌರಿಹಬ್ಬಕ್ಕೆ ಹದಿನೆಂಟು ದಿನ ಇರುವಾಗ
ನಲವತ್ತು ಜೊತೆ ಬಾಗಿನದ ಮೊರ ಬಾಕಿ ಬಿಟ್ಟು
ಕೇತಮ್ಮ ಬೆಳಗ್ಗೆ ಏಳಲಿಲ್ಲ.
ಮೆಂತ್ಯದ ಅಂಟು ಇನ್ನೂ ಉಗುರಲ್ಲಿತ್ತು.

ಚಟ್ಟಕ್ಕೆ ಬಿದಿರು ಹುಡುಕಬೇಕಾಗಲಿಲ್ಲ.
ಅವಳೇ ಆರಿಸಿಟ್ಟ ಗಳದಲ್ಲಿ ನೆಟ್ಟಗಿದ್ದ ಎರಡನ್ನು
ನನ್ನ ಗಂಡ ಎಳೆದ. ಕಟ್ಟುವಾಗ ಅವನ ಕೈ
ಗೆಣ್ಣಿನ ಬಳಿ ನಿಂತದ್ದು ನಾನು ನೋಡಿದೆ.
ರೈಲಿಳಿದು ಬಂದ ಮುನಿಯಕ್ಕಯ್ಯಮ್ಮ ಸೊಪ್ಪು ಮಾರದೆ
ಕನಕಾಂಬರದ ಮಂಕರಿ ಹಾಗೇ ಸುರಿದಳು.
ಸಾಬರು ಬಟ್ಟಿ ಆರಿಸಿ, ಎರಡು ಮೂಟೆ ಪುರಿ ಹೊರಿಸಿ ತಂದರು.
ದುಡ್ಡು ತೆಗೆದರೆ ಬೈದರು.
"ಏಳು ಗೀಟು ನನ್ನ ಹೆಸರಲ್ಲಿದೆ, ಬೇಟಿ. ನೋಡಿಲ್ವಾ?"

ದಾರಿಯುದ್ದ ಪುರಿ ಎರಚಿದೆವು, ಅವಳ ಮೊರದಿಂದಲೇ.
ಸೇತುವೆಯ ಕೆಳಗೆ ಆಟೋಗಳು ಹಾರ್ನ್ ಹೊಡೆದವು.
ಹಿಂದೆ ಒಂದು ಹಸು ಆಯ್ದು ತಿನ್ನುತ್ತ
ಸ್ಮಶಾನದ ಗೇಟಿನವರೆಗೂ ಬಂತು.

ಹನ್ನೊಂದಕ್ಕೆ ಸುಣ್ಣ ಬಳಿಯುವವರು ಬಂದಾಗ
ಕಿಟಕಿಯ ಎಡ ಬಿಡಿ ಅಂದೆ. ಗೂಡಿನ ಕೆಳಗೂ ಬಿಡಿ.
ನಾವು ಕೊಡಬೇಕಾದ್ದು ಬರೆಯಲು
ಆ ಗೋಡೆಯಲ್ಲಿ ಅವಳು ಜಾಗವನ್ನೇ ಇಟ್ಟಿರಲಿಲ್ಲ.
ಅದು ಅವಳ ತಲೆಯಲ್ಲಿತ್ತೋ ಏನೋ.
ಬಾಗಿಲ ಪಕ್ಕ, ಹಸಿ ಸುಣ್ಣದ ಮೇಲೆ
ಇದ್ದಿಲಲ್ಲಿ ಎಳೆದೆ: ಎರಡು ಮೂಟೆಗೆ ಎರಡು.
ಹೂವಿಗೆ ಎಷ್ಟೆಂದು ತಿಳಿಯದೆ ಒಂದು ಉದ್ದ ಗೀಟು.

ನಲವತ್ತು ಜೊತೆಯಲ್ಲಿ ಇವತ್ತಿಗೆ ಆರು ಮುಗಿದಿವೆ.
ಸಂಜೆ ಸಿಬಿರಿನ ಗೋಣಿ ಹೊತ್ತು ಬಟ್ಟಿಗೆ ಹೋದೆ.
ಸಾಬರು ತಿರುಗಲಿಲ್ಲ. ಮರಳು ಕಾದಿತ್ತು.
ಮೂಲೆಯಲ್ಲಿ ಇಳಿಸಿ ಬಂದೆ.